ಬಿಸಿಲಲ್ಲಿ ಹಕ್ಕಿ, ಮೀನು ಮನೆಗೆ ತರುವಾಗ

ಕಳೆದ ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದ ದಿನ ನಮ್ಮ ವಿಜ್ಞಾನ ವಿಭಾಗದ ವಿದ್ಯಾರ್ಥಿಯೊಬ್ಬ ಬಳ್ಳಾರಿಯಲ್ಲಿ ಒಂದು ಜೋಡಿ 'ಲವ್ ಬರ್ಡ್ಸ್' ಕೊಂಡು, ರಟ್ಟಿನ ಡಬ್ಬಿಯಲ್ಲಿ ಹಾಕಿಸಿಕೊಂಡು, ಮಧ್ಯಾಹ್ನ ಎರಡರ ಬಸ್ಸಿಗೆ ಸಿರುಗುಪ್ಪಕ್ಕೆ ಹೊರಟ. ತಂಗಿಗೆ ಉಡುಗೊರೆ. ಬಸ್ಸು ಕಿಕ್ಕಿರಿದಿದ್ದರಿಂದ ಡಬ್ಬಿಯನ್ನು ಡ್ರೈವರ್ ಪಕ್ಕದ ಬಾನೆಟ್ ಮೇಲೆ ಇಟ್ಟ. ತೆಕ್ಕಲಕೋಟೆ ದಾಟಿದ ಮೇಲೆ ಒಳಗಿನ ಚಿಲಿಪಿಲಿ ನಿಂತಿತು. ಮಲಗಿರಬೇಕು ಅಂದುಕೊಂಡ. ಮನೆಯಲ್ಲಿ ಬಿಚ್ಚಿ ನೋಡಿದರೆ ಒಂದು ಸತ್ತಿತ್ತು, ಇನ್ನೊಂದು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

"ಆರು ತೂತು ಮಾಡಿದ್ದೆ ಸರ್, ಆದ್ರೂ ಯಾಕೆ ಹಿಂಗಾತು?" ಎಂದು ಅವನು ಕೇಳಿದ. ಉತ್ತರ ನಿಮ್ಮ ಜೀವಶಾಸ್ತ್ರ, ಭೌತಶಾಸ್ತ್ರ ಪುಸ್ತಕಗಳಲ್ಲೇ ಇದೆ.

ಮೊದಲಿಗೆ ಹೆಸರಿನ ಮಾತು. ನಮ್ಮಲ್ಲಿ ಲವ್ ಬರ್ಡ್ಸ್ ಎಂದು ಮಾರುವುದು ಹೆಚ್ಚಾಗಿ ಬಜರಿಗಾರ್ ಹಕ್ಕಿ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬಜರಿಗಾರ್ ಆಸ್ಟ್ರೇಲಿಯಾದ ಒಣ ಬಯಲಿನದು. "ಬಿಸಿಲ ನಾಡಿನ ಹಕ್ಕಿ, ಬಳ್ಳಾರಿ ಬಿಸಿಲು ಏನು ಮಾಡೀತು?" ಎನ್ನುವವರಿದ್ದಾರೆ. ಅಲ್ಲಿ ಅದು ನೆರಳು ಹುಡುಕಿ ಕೂರುತ್ತದೆ, ನೀರಿದ್ದಲ್ಲಿಗೆ ಹಾರುತ್ತದೆ. ಡಬ್ಬಿಯಲ್ಲಿ ಎರಡೂ ಆಗದು.

ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಅವುಗಳ ಮೈಬಿಸಿ ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ಸುತ್ತಲಿನ ಗಾಳಿಯೂ ಅಷ್ಟೇ ಕಾದಾಗ ಮೈಯ ಶಾಖ ತಾನಾಗಿ ಹೊರಗೆ ಹರಿಯದು. ಆಗ ಉಳಿಯುವುದು ಒಂದೇ ದಾರಿ: ಬಾಯಿ ತೆರೆದು ಬೇಗ ಬೇಗ ಉಸಿರಾಡಿ, ಒಳಗಿನ ತೇವವನ್ನು ಆವಿಯಾಗಿಸಿ ತಂಪಾಗುವುದು. ಮನೆಯ ಕೂಲರ್ ನೆನಪಿಸಿಕೊಳ್ಳಿ. ಕಿಟಕಿ, ಬಾಗಿಲು ಮುಚ್ಚಿ ಕೂಲರ್ ಹಾಕಿದರೆ ಸ್ವಲ್ಪ ಹೊತ್ತಿಗೆ ಕೋಣೆಯೆಲ್ಲ ಜಿಗಿಜಿಗಿ, ಸೆಖೆ. ಗಾಳಿಯಲ್ಲಿ ತೇವ ತುಂಬಿದ ಮೇಲೆ ನೀರು ಆವಿಯಾಗುವುದು ನಿಧಾನವಾಗುತ್ತದೆ. ಡಬ್ಬಿಯೊಳಗೆ ನಡೆದದ್ದೂ ಇದೇ. ಹಕ್ಕಿಗಳ ಉಸಿರಿನ ತೇವ ಅಲ್ಲೇ ನಿಂತಿತು, ಕೆಳಗಿನಿಂದ ಇಂಜಿನ್ ಕಾಯಿಸಿತು. ಆರು ತೂತು ಉಸಿರಿಗೆ ಸಾಕಾಗಿರಬಹುದು, ತಂಪಿಗೆ ಸಾಲಲಿಲ್ಲ.

ಹಾಗಾಗಿ ಕಂಬಿಯ ಚಿಕ್ಕ ಪಂಜರವೇ ಮೇಲು. ಮೇಲೆ ತೆಳು ಹತ್ತಿಬಟ್ಟೆ ಹೊದಿಸಿ, ಗಾಳಿ ಆಡಲು ಎರಡು ಬದಿ ಬಿಟ್ಟಿರಿ. ಪಂಜರದ ಸುತ್ತ ಒದ್ದೆ ಬಟ್ಟೆ ಬಿಗಿಯಾಗಿ ಸುತ್ತುವುದು ಮತ್ತೆ ಅದೇ ತಪ್ಪು. ತಣ್ಣೀರ ಬಾಟಲಿಗೆ ಬಟ್ಟೆ ಸುತ್ತಿ ಪಂಜರದ ಹೊರಗೆ ಒಂದು ಪಕ್ಕ ಇಡಬಹುದು. ಬಸ್ಸಿನಲ್ಲಿ ಬಿಸಿಲು ಬೀಳದ ಬದಿಯ ಸೀಟು ಹಿಡಿದು, ಪಂಜರವನ್ನು ತೊಡೆಯ ಮೇಲಿಟ್ಟುಕೊಳ್ಳಿ. ಕಾರಿನಲ್ಲಿ ಬರುವವರು ಚಹಾಕ್ಕೆಂದು ಇಳಿದಾಗ ಪಂಜರವನ್ನೂ ಇಳಿಸಲೇಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. ಗಾಜು ಎರಡು ಬೆರಳು ಇಳಿಸಿದರೂ ಹೆಚ್ಚು ವ್ಯತ್ಯಾಸವಾಗದು.

ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಬಾಯಿ ತೆರೆದಿದ್ದರೆ ಅದು ಅಪಾಯದ ಗುರುತು. ಚಿಲಿಪಿಲಿ ನಿಂತರೆ ಮಲಗಿದೆ ಎನ್ನದೆ ತೆಗೆದು ನೋಡಿ. ನೆರಳಿಗೆ ಒಯ್ದು, ಕಾಲಿಗೆ ಸಾದಾ ನೀರು ಚಿಮುಕಿಸಿ, ಬಟ್ಟಲಲ್ಲಿ ನೀರಿಡಿ. ಐಸ್ ನೀರು ಬೇಡ. ಕೊಕ್ಕು ಬಿಡಿಸಿ ನೀರು ಹೊಯ್ದರೆ ಶ್ವಾಸನಾಳಕ್ಕೆ ಹೋಗುತ್ತದೆ. ಚೇತರಿಸದಿದ್ದರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ.

ಮೀನಿನ ಲೆಕ್ಕ ಬೇರೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ನೀರು ಬಿಸಿಯಾದಂತೆ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಪಾಪ ಎಂದು ಚೀಲದ ತುಂಬ ನೀರು ಹಾಕಿಸಬೇಡಿ. ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ ಇರಲಿ. ಹಕ್ಕಿಗೆ ಕೇಡಾಗುವ ಮುಚ್ಚಿದ ಥರ್ಮಾಕೋಲ್ ಪೆಟ್ಟಿಗೆ ಇಲ್ಲಿ ಒಳ್ಳೆಯದು. ಮನೆಗೆ ಬಂದು ಚೀಲವನ್ನು ಬಿಚ್ಚದೆ ಕಾಲು ಗಂಟೆ ತೊಟ್ಟಿಯ ನೀರಿನ ಮೇಲೆ ತೇಲಿಬಿಡಿ. ಆಮೇಲೆ ಆ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಬೆರೆಸಿ. ಕ್ಲೋರಿನ್ ಇರುವ ನಲ್ಲಿ ನೀರನ್ನು ನೇರವಾಗಿ ತುಂಬಬೇಡಿ.

ಸಾಗಿಸಬಾರದ ಪ್ರಾಣಿಗಳೂ ಇವೆ. ನಮ್ಮ ಹಸಿರು ಗಿಳಿ, ನಕ್ಷತ್ರ ಆಮೆಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. 2023ರ ಆಗಸ್ಟ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಸಾಮಾನಿನಲ್ಲಿ ಕಸ್ಟಮ್ಸ್‌ನವರಿಗೆ 234 ಪ್ರಾಣಿಗಳು ಸಿಕ್ಕವು. ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು.

ಕುರುಗೋಡಿನ ದಾರಿ ಚಿಕ್ಕದು, ಸಂಜೆ ಕೊಂಡು ಸಂಜೆಯೇ ಮುಟ್ಟಬಹುದು. ಸಿರುಗುಪ್ಪದವರಿಗೆ ತೊಡಕು: ಬೆಳಗಿನ ಬಸ್ಸಿನ ಹೊತ್ತಿಗೆ ಅಂಗಡಿ ತೆರೆದಿರುವುದಿಲ್ಲ. ನಮ್ಮ ವಿದ್ಯಾರ್ಥಿ ಇದಕ್ಕೂ ದಾರಿ ಕಂಡುಕೊಂಡಿದ್ದಾನೆ. ಎರಡನೆಯ ಹಕ್ಕಿ ಬದುಕಿದೆ, ಅದಕ್ಕೆ ಜೋಡಿ ಬೇಕೆಂದು ತಂಗಿಯ ಹಟ. "ನವೆಂಬರ್‌ನಾಗ ತರ್ತೀನಿ ಸರ್. ಸಂಜಿಗೆ ತಗೊಂಡು, ರಾತ್ರಿ ಮಾಮಾನ ಮನ್ಯಾಗಿಟ್ಟು, ಬೆಳಿಗ್ಗೆ ಮೊದಲ ಬಸ್ಸಿಗೆ" ಅಂದಿದ್ದಾನೆ.