ಹೋಗದೆ ಉಳಿದ ಫೋಟೊ

ಮಗಳೇ, ಈ ಮುಂಗಾರಿಗೆ ಬೆಳೆ ಸಮೀಕ್ಷೆಯ ಕೆಲಸಕ್ಕೆ ಸೇರಿದ್ದೀಯ ಎಂದು ಕೇಳಿ ಸಂತೋಷವಾಯಿತು. ನಂಜನಗೂಡಿನಿಂದ ತಿ. ನರಸೀಪುರದವರೆಗೆ ಕಪಿಲಾ ನದಿಯ ಬಯಲಲ್ಲಿ ಭತ್ತ, ಕಬ್ಬು, ಬಾಳೆ. ನೀರು ಹತ್ತದ ಕಡೆ ಹತ್ತಿ, ಮುಸುಕಿನ ಜೋಳ, ಹುರುಳಿ. ಒಂದೊಂದು ಸರ್ವೆ ನಂಬರಿಗೂ ಹೋಗಿ ಜಮೀನಿನೊಳಗೆ ನಿಂತು ಫೋಟೊ ತೆಗೆಯುವುದನ್ನು ನಿನಗೆ ನಾನು ಕಲಿಸಬೇಕಿಲ್ಲ. ನಾನು ಹೇಳಹೊರಟಿರುವುದು ತೆಗೆದ ಮೇಲಿನ ಮಾತು. ಫೋಟೊ ನಿನ್ನ ಫೋನಿನಲ್ಲೇ ಉಳಿದಿರುವ ತನಕ ಆ ಹೊಲದ ಬೆಳೆ ಸರ್ಕಾರದ ಲೆಕ್ಕಕ್ಕೆ ಬಂದಿರುವುದಿಲ್ಲ.

ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡ. 2020ರ ಮುಂಗಾರಿನಿಂದ ರೈತರೇ ಸಮೀಕ್ಷೆಯ ಆ್ಯಪಿನಲ್ಲಿ ಫೋಟೊ ಹಾಕುವ ಅವಕಾಶವಿದೆ, ಅವರಿಂದಾಗದಿದ್ದಲ್ಲಿ ನಿನ್ನಂಥವರು ಹೋಗುತ್ತೀರಿ. ಪಹಣಿಯಲ್ಲಿ ಬೆಳೆ ಕಾಣುವುದು, ಬೆಂಬಲ ಬೆಲೆಗೆ ಮಾರುವುದು, ಬೆಳೆವಿಮೆ, ಬೆಳೆಹಾನಿ ಪರಿಹಾರ, ಎಲ್ಲಕ್ಕೂ ಈ ಮಾಹಿತಿಯೇ ಆಧಾರ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮೈಸೂರು–ನಂಜನಗೂಡು ರಸ್ತೆಯ ಮೇಲೇ ಹರಿದದ್ದು ನಿನಗೆ ನೆನಪಿರಬೇಕು. ಅಂಥ ನೀರು ಬಂದು ಹೋದ ಮೇಲೆ ಗದ್ದೆಯಲ್ಲಿ ನಾಟಿ ಇತ್ತೋ ಇಲ್ಲವೋ ಎಂಬುದಕ್ಕೆ ಮತ್ತೆ ಫೋಟೊ ಎಲ್ಲಿಂದ ತರುತ್ತೀಯ?

ಆದ್ದರಿಂದ ಮೊದಲನೆಯ ಮಾತು. ಫೋಟೊ ಹೋಗದಿದ್ದಾಗ ಯಾರಾದರೂ 'ಆ್ಯಪ್ ತೆಗೆದು ಮತ್ತೆ ಹಾಕು', 'ಕ್ಲಿಯರ್ ಡೇಟಾ ಕೊಡು' ಎಂದರೆ ಕೇಳಬೇಡ. ಹೊಲದಲ್ಲಿ ಸಿಗ್ನಲ್ ಇಲ್ಲದಿದ್ದರೂ ಕೆಲಸ ಸಾಗಲಿ ಎಂದು ಆ್ಯಪು ಫೋಟೊಗಳನ್ನು ತನ್ನೊಳಗೇ ಕೂಡಿಟ್ಟುಕೊಂಡಿರುತ್ತದೆ. ಆ್ಯಪನ್ನೋ ಅದರ ಡೇಟಾವನ್ನೋ ಅಳಿಸಿದರೆ ಆ ಫೋಟೊಗಳೂ ಹೋದವು. ಕೂಡಿಟ್ಟದ್ದು ಪೂರ್ತಿ ತಲುಪುವವರೆಗೆ ಕ್ಯಾಶ್ ಕೂಡ ಮುಟ್ಟಬೇಡ.

ನಾನು ಟೆಲಿಫೋನ್ ಲೈನಿನಲ್ಲಿ ದುಡಿದವನು. ಲೈನು ಸತ್ತಾಗ ಎಲ್ಲ ಕಂಬವನ್ನೂ ಹತ್ತುತ್ತಿರಲಿಲ್ಲ; ನಡುವೆ ಒಂದು ಕಡೆ ಪರೀಕ್ಷಿಸಿ ದೋಷ ಈಚೆಗೋ ಆಚೆಗೋ ಎಂದು ತಿಳಿಯುತ್ತಿದ್ದೆವು. ನೀನೂ ಹಾಗೇ ಮಾಡು. ಎಲ್ಲ ಫೋಟೊಗಳನ್ನೂ ಒಟ್ಟಿಗೆ ಕಳಿಸಲು ಹೋಗದೆ ಒಂದನ್ನು ಕಳಿಸಿ ನೋಡು. ಅದು ಹೋಗದಿದ್ದರೆ, ಅದೇ ಜಾಗದಲ್ಲಿ, ಅದೇ ಸಿಮ್ಮಿನಲ್ಲಿ ಬೇರೆ ಆ್ಯಪಿನಿಂದ ಯಾವುದಾದರೂ ಫೋಟೊ ಹೋಗುತ್ತದೆಯೇ? ಅದೂ ಹೋಗದಿದ್ದರೆ ದೋಷ ನೆಟ್‌ವರ್ಕಿನದು. ಸಿಗ್ನಲ್ ಕಡ್ಡಿ ತುಂಬಿದ್ದ ಮಾತ್ರಕ್ಕೆ ನಂಬಬೇಡ, ವಿಡಿಯೊ ನೋಡಲು ಇಳಿಸುವ ವೇಗ ಸಾಕು, ಫೋಟೊಗೆ ಬೇಕಾದದ್ದು ಏರಿಸುವ ವೇಗ. ಹೊಲದಲ್ಲೇ ಗೋಳಾಡುವ ಬದಲು ಸಂಜೆ ಊರ ಕಡೆ ಬಂದು, ಒಳ್ಳೆಯ ನೆಟ್‌ವರ್ಕಿನಲ್ಲಿ ಆ್ಯಪನ್ನು ತೆರೆದಿಟ್ಟೇ ಕಳಿಸು. ಬ್ಯಾಟರಿ ಸೇವರ್ ಹಾಕಿದ್ದರೆ ಎಷ್ಟೋ ಫೋನುಗಳು ಹಿನ್ನೆಲೆಯಲ್ಲಿ ನಡೆಯುತ್ತಿರುವ ಅಪ್‌ಲೋಡನ್ನು ನಿಲ್ಲಿಸಿಬಿಡುತ್ತವೆ.

ಬೇರೆ ಫೋಟೊ ಹೋಗಿ ಸಮೀಕ್ಷೆಯದು ಮಾತ್ರ ನಿಂತರೆ ಫೋನಿನ ಗಡಿಯಾರ ನೋಡು. ಇದು ಯಾರಿಗೂ ಹೊಳೆಯುವುದಿಲ್ಲ. ಕ್ಲೌಡಿಗೆ ಹೋಗುವ ಮನವಿಯ ಮೇಲೆ ಎಷ್ಟೋ ಸಲ ಹೊತ್ತು ನಮೂದಾಗಿರುತ್ತದೆ. ಅಮೆಜಾನಿನ ಎಸ್3 ಸಂಗ್ರಹವಂತೂ ಆ ಹೊತ್ತಿಗೂ ತನ್ನ ಗಡಿಯಾರಕ್ಕೂ 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಳಗೇ ಬಿಡುವುದಿಲ್ಲ. ತಾರೀಖು ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಕೂಡಿಕೊಳ್ಳದೆ ಹೋಗಬಹುದು. ದಿನಾಂಕ, ಸಮಯ ಎರಡನ್ನೂ ಆಟೊಮ್ಯಾಟಿಕ್‌ನಲ್ಲಿಡು. ಫೋನಿನಲ್ಲಿ ಜಾಗವಿದೆಯೇ ಎಂದೂ ನೋಡು.

ಇಷ್ಟಾದ ಮೇಲೂ ಹೋಗದಿದ್ದರೆ ಪರದೆಯ ಮೇಲೆ ಬಂದ ದೋಷದ ಸಂಖ್ಯೆಯನ್ನು ಓದು. 401 ಬಂದರೆ ನಿನ್ನ ಲಾಗಿನ್ ಅವಧಿ ಮುಗಿದಿರಬಹುದು. 403 ಎಂದರೆ ಅನುಮತಿ ಇಲ್ಲ, 413 ಎಂದರೆ ಫೋಟೊ ದೊಡ್ಡದಾಯಿತು. 500, 503 ಬಂದರೆ ತೊಂದರೆ ಸರ್ವರಿನದು. ನೀನು ಎಷ್ಟು ಸಲ ಒತ್ತಿದರೂ ಪ್ರಯೋಜನವಿಲ್ಲ, ಹೊತ್ತು ಬಿಟ್ಟು ನೋಡು. ಮೇಲ್ವಿಚಾರಕರಿಗೆ ಬರೀ 'ಆಗ್ತಿಲ್ಲ ಸರ್' ಎನ್ನಬೇಡ. ಸ್ಕ್ರೀನ್‌ಶಾಟ್, ಸರ್ವೆ ನಂಬರು, ಹೊತ್ತು, ಇದ್ದ ಜಾಗ ಬರೆದು ಕಳಿಸು. ಆ್ಯಪ್ ಮಾಡಿದವರು ದೋಷ ಹುಡುಕುವುದು ಇಷ್ಟರಿಂದಲೇ.

ಒಮ್ಮೊಮ್ಮೆ ಫೋಟೊ ಆಚೆ ತಲುಪಿ, ತಲುಪಿತು ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗುತ್ತದೆ. ಆಗ ಹೊಸದಾಗಿ ಫೋಟೊ ತೆಗೆಯದೆ ಹಳೆಯ ದಾಖಲೆಯನ್ನೇ ಮತ್ತೆ ಕಳಿಸು, ಇಲ್ಲದಿದ್ದರೆ ಒಂದೇ ಹೊಲ ಎರಡು ಸಲ ಸೇರಿ ಗೊಂದಲವಾದೀತು.

ಬದುವಿನ ಮೇಲೆ ನಿಂತ ಯಜಮಾನರು 'ಆಯ್ತೇನವ್ವ?' ಎಂದು ಕೇಳುತ್ತಾರೆ. ತಲುಪಿದ ಗುರುತು ಕಾಣುವ ಮುಂಚೆ ಆಯ್ತು ಅನ್ನಬೇಡ. 'ಫೋಟೊ ತೆಗೆದಿದ್ದೀನಿ, ಕಳಿಸಿ ಹೇಳ್ತೀನಿ' ಅನ್ನು, ಹೇಳಿದ ಹಾಗೆ ಫೋನ್ ಮಾಡು. ಬೆಳೆ ದರ್ಶಕ ಆ್ಯಪಿನಲ್ಲಿ ತಮ್ಮ ಹೊಲದ ಬೆಳೆ ಏನೆಂದು ದಾಖಲಾಗಿದೆ ಎಂಬುದನ್ನು ಅವರೇ ನೋಡಬಹುದು. ತಪ್ಪಿದ್ದರೆ ಆಕ್ಷೇಪಣೆಯನ್ನೂ ಅಲ್ಲೇ ಹಾಕಬಹುದು. ಓದು ಬಾರದವರಿದ್ದರೆ ನೀನೇ ಕೂತು ತೋರಿಸು.