ಆಟಗಾರರ ಕೀರ್ತಿ ಮಂದಿರ



'ಹಾಲ್ ಆಫ್ ಫೇಮ್' ಎಂಬ ಮಾತನ್ನು ಕ್ರಿಕೆಟ್ ಸುದ್ದಿಯಲ್ಲಿ ನೀವು ಕೇಳಿರಬಹುದು. ಕನ್ನಡದಲ್ಲಿ ಇದನ್ನು ಕೀರ್ತಿ ಮಂದಿರ ಎನ್ನೋಣ. ದೊಡ್ಡ ಆಟಗಾರರನ್ನು ಮುಂದಿನವರು ಮರೆಯಬಾರದು ಅಂತ ಅವರ ಹೆಸರು, ಸಾಧನೆಗಳನ್ನು ಒಂದು ಕಡೆ ಕೂಡಿಸಿ ಇಡುವುದೇ ಇದರ ಕೆಲಸ.

ಅಮೆರಿಕದ ಮಂದಿರ

ಅಮೆರಿಕದಲ್ಲಿ ಫುಟ್‌ಬಾಲ್ ಅಂದ್ರ ನಾವು ಆಡುವ ಆಟ ಅಲ್ಲ. ಅಲ್ಲಿಯ ಚೆಂಡು ದುಂಡಗಿರುವುದಿಲ್ಲ, ಎರಡೂ ತುದಿ ಚೂಪು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದು ಕಡೆಗೆ 11 ಜನ. ಕಬಡ್ಡಿಯೊಳಗ ನಾವು ರೈಡರನ್ನು ಹಿಡಿದು ಕೆಡವಿದ ಹಾಗೆ ಅವರೂ ಓಡುವವನನ್ನು ಹಿಡಿದು ಕೆಡವುತ್ತಾರೆ.

ಓಹಿಯೋ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ ಈ ಆಟದ ಕೀರ್ತಿ ಮಂದಿರ 1963ರಲ್ಲಿ ಆರಂಭವಾಯಿತು. ಮೊದಲ ವರ್ಷ 17 ಜನರನ್ನು ಸೇರಿಸಿದರು. ಸೇರಿದವರ ಕಂಚಿನ ಮೂರ್ತಿಗಳು ಅಲ್ಲಿವೆ. ಆಟಗಾರ ಆಟ ಬಿಟ್ಟು 5 ವರ್ಷ ಆಗಿರಬೇಕು. ಚಪ್ಪಾಳೆ ನಿಂತ ಮೇಲೂ ಜನರ ನೆನಪಿನಲ್ಲಿ ಉಳಿದವರೇ ದೊಡ್ಡವರಲ್ಲವೇ? ಅಲ್ಲಿ ಆಡಿದವರಿಗಷ್ಟೇ ಅಲ್ಲ, ಕಲಿಸಿದವರಿಗೂ ಜಾಗ ಉಂಟು. ಮೊದಲ 17 ಜನರಲ್ಲಿ ಒಬ್ಬರಾದ ಜಾರ್ಜ್ ಹಾಲಸ್ ತಂಡ ಕಟ್ಟಿದರು, ತಾವೇ ಆಡಿದರು, ತರಬೇತಿಯನ್ನೂ ಕೊಟ್ಟರು.

ನಮ್ಮ ಕನ್ನಡಿಗರು

ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆಯು 2009ರಲ್ಲಿ ಇಂಥದೇ ಗೌರವ ಆರಂಭಿಸಿತು. ನಮ್ಮ ರಾಜ್ಯದ ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಇದಕ್ಕೆ ಸೇರಿದರು. ಕುಂಬ್ಳೆಯವರು ಟೆಸ್ಟ್‌ಗಳಲ್ಲಿ 619 ವಿಕೆಟ್ ಪಡೆದರು. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಒಬ್ಬರೇ ಕಿತ್ತರು. 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಬೌಲಿಂಗ್ ಮಾಡಿ ಲಾರಾ ಅವರನ್ನು ಔಟ್ ಮಾಡಿದರು! ದ್ರಾವಿಡರು ಟೆಸ್ಟ್‌ಗಳಲ್ಲಿ 13,288 ರನ್ ಗಳಿಸಿದರು.

ಭಾರತದ ಮಹಿಳೆಯರಲ್ಲಿ ಮೊದಲು ಸೇರಿದವರು ಡಯಾನಾ ಎಡುಲ್ಜಿ. ಅದು 2023ರಲ್ಲಿ, ಗಂಡಸರು ಸೇರಿ 14 ವರ್ಷ ಆದ ಮೇಲೆ. ಆದರೆ ಕರ್ನಾಟಕದ ಶಾಂತಾ ರಂಗಸ್ವಾಮಿಯವರು 1976ರಲ್ಲೇ ಅರ್ಜುನ ಪ್ರಶಸ್ತಿ ಪಡೆದಿದ್ದರು.

ಗುರುಗಳಿಗೆ ಗೌರವ

ನಮ್ಮ ದೇಶದಲ್ಲಿ ಆಟಗಾರರಿಗೆ ಅರ್ಜುನ ಪ್ರಶಸ್ತಿ 1961ರಲ್ಲಿ ಬಂತು. ತರಬೇತುದಾರರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಪಿ.ಟಿ. ಉಷಾ ಅವರಿಗೆ ಓಟ ಕಲಿಸಿದ ಓ.ಎಂ. ನಂಬಿಯಾರ್ ಇದನ್ನು ಮೊದಲ ಸಲ ಪಡೆದವರಲ್ಲಿ ಒಬ್ಬರು. ಕರ್ನಾಟಕ ಸರ್ಕಾರ ಆಟಗಾರರಿಗೆ ಏಕಲವ್ಯ ಪ್ರಶಸ್ತಿ ಕೊಡುತ್ತದೆ. ಕಥೆಯಲ್ಲಿ ಗುರುವು ಏಕಲವ್ಯನ ಹೆಬ್ಬೆರಳು ಕೇಳಿದ. ಈಗ ಇಬ್ಬರ ಹೆಸರಿನಲ್ಲೂ ಗೌರವ ಸಿಗುತ್ತಿದೆ.

ನಮ್ಮ ಕಡೆ ಏನದ?

ಹೆಸರು ಉಳಿಸುವುದು ನಮಗೆ ಹೊಸದಲ್ಲ. ಹಿಂದೆ ಯುದ್ಧದಲ್ಲಿ ಸತ್ತವರಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಪೈಲ್ವಾನರನ್ನು ಯಾರು ಬರೆದಿಟ್ಟಾರ? ಬೆಳ್ಳಿ ಕಡಗ ಗೆದ್ದವರ ಹೆಸರು ಮುತ್ಯಾಗಳ ಬಾಯಾಗ ಮಾತ್ರ ಅದ. ಮುತ್ಯಾ ಹೋದರೆ ಹೆಸರೂ ಹೋಯಿತು. ಅವರಿಗೆ ಪಟ್ಟು ಕಲಿಸಿದ ಉಸ್ತಾದರ ಹೆಸರಂತೂ ಮೊದಲೇ ಹೋಗಿರುತ್ತದೆ.

ಶಾಲೆಯಲ್ಲೂ ಹಾಗೇ. ಖೋ ಖೋದಲ್ಲಿ ತಾಲೂಕಿನ ತನಕ ಹೋದ ಅಕ್ಕಂದಿರು ಏಳನೇ ಮುಗಿದ ಮೇಲೆ ಬೇರೆ ಊರಿನ ಹೈಸ್ಕೂಲಿಗೆ ಹೋಗುತ್ತಾರೆ. ಕೆಲವರು ಆಟ ಬಿಡುತ್ತಾರೆ, ಕೆಲವರು ಶಾಲೆಯನ್ನೇ ಬಿಡುತ್ತಾರೆ. ಕಪ್ಪು ಕಪಾಟಿನಲ್ಲಿ ಉಳಿಯುತ್ತದೆ. ಗೆದ್ದವರು ಯಾರೆಂದು ಕಪ್ಪಿನ ಮೇಲೆ ಬರೆದಿರುವುದಿಲ್ಲ.

ನನ್ನ ಸೂಚನೆ

ಕಂಚಿನ ಮೂರ್ತಿಗೆ ರೊಕ್ಕ ಬೇಕು, ಬರೆದಿಡಲು 200 ಪುಟದ ಒಂದು ನೋಟ್‌ಬುಕ್ ಸಾಕು. ವರ್ಷ, ಆಟ, ಆಡಿದ ಎಲ್ಲರ ಹೆಸರು, ಎಲ್ಲಿಯ ತನಕ ಹೋದರು, ಯಾರು ಕಲಿಸಿದರು ಎಂಬ ಐದು ಸಾಲು ಬರೆಯೋಣ. ನಾಯಕಿಯದಷ್ಟೇ ಅಲ್ಲ, ಹೆಚ್ಚುವರಿ ಆಟಗಾರರ ಹೆಸರೂ ಇರಲಿ. ಹಳೆಯದನ್ನು ಊರಿನ ಹಿರಿಯರಲ್ಲಿ ಕೇಳಿ, ಇಬ್ಬರು ಒಂದೇ ರೀತಿ ಹೇಳಿದರೆ ಬರೆಯೋಣ.

ಪ್ರಶ್ನೆಗಳು (ಉತ್ತರ ಮೇಲೆಯೇ ಇದೆ)
1. ಕ್ಯಾಂಟನ್ ಮಂದಿರ ಯಾವ ವರ್ಷ ಆರಂಭವಾಯಿತು?
2. ತರಬೇತುದಾರರಿಗೆ ಕೊಡುವ ಪ್ರಶಸ್ತಿ ಯಾವುದು?
3. ನಿಮ್ಮ ಓಣಿಯ ಹಳೆಯ ಪೈಲ್ವಾನರು ಯಾರು? (ಇದರ ಉತ್ತರ ಮಾತ್ರ ಮನೆಯಲ್ಲಿ ಕೇಳಿ ಬನ್ನಿ.)

7ನೇ ತರಗತಿ