ಗಾಣದೆತ್ತಿನಂತೆ ಸುತ್ತುವ ಲೂಪ್

ಸೆಕೆಂಡಿಗೆ ಬರೀ 1,000 ಸ್ಯಾಂಪಲ್ ಓದುವ ನಿಮ್ಮ ಲ್ಯಾಬ್‌ವ್ಯೂ ಪ್ರೋಗ್ರಾಂ ಓಡುವಾಗ ಪ್ರೊಸೆಸರ್ ಬಳಕೆ 25%ಕ್ಕೇ ಅಂಟಿಕೊಂಡಿದೆ ಎಂದು ಬರೆದಿದ್ದೀರಿ. ಆ ಅಂಕಿಯೇ ಸುಳಿವು. ನಾಲ್ಕು ಕೋರ್‌ಗಳ ಯಂತ್ರದಲ್ಲಿ ಕಾಲು ಭಾಗವೆಂದರೆ ಒಂದು ಕೋರ್ ಪೂರ್ತಿ ಬೆವರುತ್ತಿದೆ ಎಂದರ್ಥ.

ನನ್ನ ಅನುಮಾನ ಬಟನ್ ಒತ್ತುವುದನ್ನು ಕಾಯುವ ವೈಲ್ ಲೂಪಿನ ಮೇಲೆ. ಒಳಗೆ ವೇಟ್ ಇಲ್ಲದಿದ್ದರೆ ಅದು ಗಾಣದೆತ್ತಿನಂತೆ ಬಿಡುವಿಲ್ಲದೆ ಸುತ್ತುತ್ತದೆ. 50 ಮಿಲಿಸೆಕೆಂಡಿನ ವೇಟ್ ಹಾಕಿ. ಈವೆಂಟ್ ಸ್ಟ್ರಕ್ಚರ್ ಬಳಸಿದರೆ ಇನ್ನೂ ಒಳ್ಳೆಯದು.

ಓದುವ ಲೂಪಿನಲ್ಲಿ ಒಂದೊಂದೇ ಸ್ಯಾಂಪಲ್ ಹೆಕ್ಕಬೇಡಿ. ನೂರು ನೂರರ ಕಂತಿನಲ್ಲಿ ತೆಗೆದರೆ ಸೆಕೆಂಡಿಗೆ 10 ಸುತ್ತು ಸಾಕು.

ಆಮೇಲೂ ಪ್ರೊಸೆಸರ್ ಬಳಕೆ ಇಳಿಯದಿದ್ದರೆ ಪರದೆಯ ಮೇಲಿನ ಗ್ರಾಫನ್ನು ಸ್ವಲ್ಪ ಹೊತ್ತು ತೆಗೆದು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಆಗಲೇ ಕಳ್ಳ ಯಾರೆಂದು ತಿಳಿಯುವುದು. ಹೊಸ ಕಂಪ್ಯೂಟರ್ ಕೊಳ್ಳುವ ಯೋಚನೆ ಸದ್ಯಕ್ಕೆ ಬಿಡಿ.